ಕಮಿಷನ್ ಬೇರೆ, ಪೆಟ್ರೋಲ್ ಖರ್ಚು ಬೇರೆ: ಮಾರಾಟ ಪ್ರತಿನಿಧಿಗಳು ಓಡಾಟದ ಹಣವನ್ನು ಕೇಳಿ ಪಡೆಯುವ ಬಗೆ

ಸಿಂಧನೂರಿನಿಂದ ಬೆಳಿಗ್ಗೆ ಏಳಕ್ಕೆ ಬೈಕ್ ತೆಗೆದು, ಕಾರಟಗಿಯಲ್ಲಿ ಎರಡು ಗೊಬ್ಬರದ ಅಂಗಡಿ ಮುಗಿಸಿ, ಸಿದ್ದಾಪುರದ ಕಡೆಯ ಕ್ಯಾಂಪಿನಲ್ಲಿ ಔಷಧಿ ಕೆಲಸ ಮಾಡಲಿಲ್ಲವೆಂದು ದೂರಿದ ರೈತರ ಭತ್ತದ ಗದ್ದೆ ನೋಡಿ, ಮಧ್ಯಾಹ್ನವೆಲ್ಲ ಗಂಗಾವತಿಯ ಡೀಲರ್ ಅಂಗಡಿಯಲ್ಲಿ ಬಾಕಿ ವಸೂಲಿಗೆ ಕಾದು ಕುಳಿತು, ಸಂಜೆ ಮನೆ ಸೇರುವ ಹೊತ್ತಿಗೆ ಮೀಟರ್ ನೂರು ಕಿಲೋಮೀಟರ್ ದಾಟಿರುತ್ತದೆ. ಅಂದು ಒಂದು ಆರ್ಡರೂ ಆಗದಿದ್ದರೆ ಕಮಿಷನ್ ಸೊನ್ನೆ. ದೂರು ಕೇಳಿದ್ದು ಕಂಪನಿಯ ಕೆಲಸ, ವಸೂಲಿ ಮಾಡಿದ್ದು ಕಂಪನಿಯ ಹಣ, ಆದರೆ ಸುಟ್ಟ ಪೆಟ್ರೋಲ್ ಮಾತ್ರ ಪ್ರತಿನಿಧಿಯ ಜೇಬಿನದು. ಬೀಜ ಮತ್ತು ಕೀಟನಾಶಕಗಳ ಮಾರಾಟದಲ್ಲಿ ಈ ಭಾಗದಲ್ಲಿ 11 ವರ್ಷ ಓಡಾಡಿದ ನಾನು, ಮೊದಲ ಮೂರು ವರ್ಷ ಇದನ್ನು ಪ್ರಶ್ನಿಸಲೇ ಇಲ್ಲ. ಒಮ್ಮೆ ಧೈರ್ಯ ಮಾಡಿ ಕೇಳಿದಾಗ ನಮ್ಮ ಏರಿಯಾ ಮ್ಯಾನೇಜರ್ ಹೇಳಿದ್ದು ಇಷ್ಟೇ: "ಕಮಿಷನ್ ಬರ್ತದಲ್ರೀ ನಿಮಗ, ಅದರಾಗ ಪೆಟ್ರೋಲ್ ಹಾಕ್ಕೊಳ್ರಿ." ಅವರ ಮಾತಿಗೆ ಕೊಡಲು ನನ್ನ ಬಳಿ ಉತ್ತರವಿತ್ತು, ಲೆಕ್ಕವಿರಲಿಲ್ಲ. ಲೆಕ್ಕವಿಲ್ಲದ್ದರಿಂದ ಆ ಮೂರು ವರ್ಷದ ಹಣ ನನಗೆ ಇಂದಿಗೂ ಸಿಕ್ಕಿಲ್ಲ.

ಸ್ಥಿರ ಸಂಬಳದ ಜೊತೆಗೆ ಮಾರಾಟದ ಮೇಲೆ ಕಮಿಷನ್ ಅಥವಾ ಇನ್ಸೆಂಟಿವ್ ಪಡೆಯುತ್ತ, ಸ್ವಂತ ಗಾಡಿಯಲ್ಲಿ ಓಡಾಡುವ ಔಷಧ ಪ್ರತಿನಿಧಿಗಳು, ಬೀಜ-ಗೊಬ್ಬರದ ಕಂಪನಿಗಳವರು, ದಿನಬಳಕೆ ವಸ್ತುಗಳ ಸೇಲ್ಸ್‌ನವರು ಮತ್ತು ಷೋರೂಮ್‌ಗಳ ಫೀಲ್ಡ್ ಸಿಬ್ಬಂದಿಗಾಗಿ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಕಮಿಷನ್ ಎಂಬುದು ಮಾರಾಟ ಮಾಡಿಸಿದ್ದಕ್ಕೆ ಸಿಗುವ ಪ್ರತಿಫಲ; ಪೆಟ್ರೋಲ್ ಎಂಬುದು ಕಂಪನಿಯ ಕೆಲಸ ನಡೆಯಲು ತಗಲುವ ಖರ್ಚು. ಇವೆರಡನ್ನೂ ಒಂದೇ ಚೀಲಕ್ಕೆ ಹಾಕಲು ಬಿಡಬಾರದು. ಮುಂದಿನ ಹೆಜ್ಜೆಗಳೆಲ್ಲ ಈ ಎರಡು ಲೆಕ್ಕಗಳನ್ನು ಬೇರೆಯಾಗಿಯೇ ಇಡುವುದಕ್ಕಾಗಿ ಇವೆ.

ಮೊದಲ ಹೆಜ್ಜೆ: ನೀವು ನೌಕರರೋ, ಏಜೆಂಟರೋ?

ಈ ಪ್ರಶ್ನೆಗೆ ಉತ್ತರ ಸಿಗದೆ ಮುಂದಿನ ಯಾವ ವಾದವೂ ನಿಲ್ಲುವುದಿಲ್ಲ. ಗುರುತಿನ ಚೀಟಿಯಲ್ಲಿ 'ಎಕ್ಸಿಕ್ಯೂಟಿವ್' ಎಂದು ಬರೆದಿದ್ದರೂ ಕಾಗದದ ಮೇಲೆ ನಿಮ್ಮನ್ನು ಹೊರಗಿನ ಕಮಿಷನ್ ಏಜೆಂಟ್ ಎಂದು ತೋರಿಸಿರುವ ಸಾಧ್ಯತೆಯಿದೆ. ಅದನ್ನು ಮನೆಯಲ್ಲೇ ಕುಳಿತು ಪರೀಕ್ಷಿಸಬಹುದು. ನಿಮ್ಮ ಹೆಸರಿನಲ್ಲಿ ಭವಿಷ್ಯ ನಿಧಿ (ಪಿಎಫ್) ಕಡಿತವಾಗುತ್ತಿದೆಯೇ ಎಂದು ಯುಎಎನ್, ಅಂದರೆ ಪಿಎಫ್ ಸದಸ್ಯರಿಗೆ ಕೊಡುವ ಸಂಖ್ಯೆಯ, ಪಾಸ್‌ಬುಕ್‌ನಲ್ಲಿ ನೋಡಿರಿ. ಅನಂತರ ಆದಾಯ ತೆರಿಗೆ ಜಾಲತಾಣದಿಂದ ಹಿಂದಿನ ವರ್ಷಗಳ 26ಎಎಸ್ (ನಿಮ್ಮ ಹೆಸರಿನಲ್ಲಿ ಕಡಿತವಾದ ತೆರಿಗೆಯ ಪಟ್ಟಿ) ತೆಗೆದು, ಕಂಪನಿಯ ಹೆಸರಿನ ಮುಂದೆ ಯಾವ ಕಲಂ ಇದೆ ಎಂಬುದನ್ನು ಗಮನಿಸಿರಿ. 1961ರ ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಸಂಬಳದ ಮೇಲಿನ ಟಿಡಿಎಸ್ (ಹಣ ಕೊಡುವಾಗಲೇ ಕಡಿಯುವ ತೆರಿಗೆ) 192ನೇ ಕಲಂ ಅಡಿಯಲ್ಲಿ ಮತ್ತು ಕಮಿಷನ್ ಏಜೆಂಟರ ಟಿಡಿಎಸ್ 194ಎಚ್ ಅಡಿಯಲ್ಲಿ ಕಡಿತವಾಗುತ್ತಿತ್ತು. ತೆರಿಗೆ ಕಡಿತದ ಪ್ರಮಾಣಪತ್ರವಾಗಿ ಮೊದಲನೆಯವರಿಗೆ ಫಾರಂ 16, ಎರಡನೆಯವರಿಗೆ ಫಾರಂ 16ಎ ಕೊಡಲಾಗುತ್ತಿತ್ತು. ಕಂಪನಿ ನಿಮ್ಮನ್ನು ಏನೆಂದು ಭಾವಿಸಿದೆ ಎಂಬುದು ಅದರ ಕೈಯಿಂದಲೇ ಬರೆದು ಕೊಟ್ಟಂತೆ ಅಲ್ಲಿ ದಾಖಲಾಗಿರುತ್ತದೆ.

194ಎಚ್ ಎಂದು ಕಂಡ ಮಾತ್ರಕ್ಕೆ ನೀವು ನಿಜವಾಗಿ ಏಜೆಂಟರೇ ಆಗಿಬಿಡುವುದಿಲ್ಲ. ಪ್ರತಿದಿನದ ರೂಟ್ ಅನ್ನು ಕಂಪನಿ ನಿಗದಿ ಮಾಡುತ್ತಿದ್ದರೆ, ಹಾಜರಾತಿ ಆ್ಯಪ್‌ನಲ್ಲಿ ಬೆಳಿಗ್ಗೆ ಮುದ್ರೆ ಒತ್ತಬೇಕಿದ್ದರೆ, ರಜೆಗೆ ಅನುಮತಿ ಕೇಳಬೇಕಿದ್ದರೆ, ಬೇರೆ ಕಂಪನಿಯ ಮಾಲನ್ನು ಮಾರುವಂತಿಲ್ಲ ಎಂಬ ಷರತ್ತಿದ್ದರೆ, ಇವೆಲ್ಲವೂ ನೌಕರಿಯ ಲಕ್ಷಣಗಳು. ಅವುಗಳ ಸ್ಕ್ರೀನ್‌ಶಾಟ್‌ಗಳನ್ನು ತೆಗೆದಿಡಿರಿ. ನೀವು ನಿಜಕ್ಕೂ ಸ್ವತಂತ್ರ ಏಜೆಂಟರಾಗಿದ್ದರೆ ಹಾದಿ ಬೇರೆ: ಪೆಟ್ರೋಲ್ ಖರ್ಚನ್ನು ವ್ಯವಹಾರದ ವೆಚ್ಚವೆಂದು ತೆರಿಗೆ ಲೆಕ್ಕದಲ್ಲಿ ಕಳೆಯಬಹುದು, ಆದರೆ ಕಂಪನಿಯಿಂದ ಪಡೆಯುವುದು ಒಪ್ಪಂದದಲ್ಲಿ ಬರೆದಿದ್ದನ್ನು ಅವಲಂಬಿಸಿರುತ್ತದೆ.

ಎರಡನೆಯ ಹೆಜ್ಜೆ: ನೇಮಕಾತಿ ಪತ್ರವನ್ನು ಪೆನ್ಸಿಲ್ ಹಿಡಿದು ಓದುವುದು

ನೇಮಕಾತಿ ಪತ್ರದಲ್ಲಿ ನಾವು ಸಂಬಳದ ಅಂಕಿಯನ್ನು ನೋಡಿ ಸಹಿ ಮಾಡಿಬಿಡುತ್ತೇವೆ. ಓಡಾಟದ ಮಾತು ಇರುವುದು ಮೂರನೆಯ ಅಥವಾ ನಾಲ್ಕನೆಯ ಪುಟದಲ್ಲಿ. ಹೆಡ್‌ಕ್ವಾರ್ಟರ್ (ನಿಮ್ಮ ನೆಲೆಯ ಊರು), ಎಕ್ಸ್-ಹೆಡ್‌ಕ್ವಾರ್ಟರ್ (ಹೊರಗೆ ಹೋಗಿ ಅಂದೇ ಮರಳುವ ಓಡಾಟ), ಔಟ್‌ಸ್ಟೇಷನ್ (ಹೊರಗೆ ರಾತ್ರಿ ಉಳಿಯುವ ಓಡಾಟ) ಎಂಬ ಮೂರು ಪದಗಳನ್ನು ಹುಡುಕಿ ಅವುಗಳ ಕೆಳಗೆ ಗೆರೆ ಎಳೆಯಿರಿ. ನಿಮ್ಮ ಹೆಡ್‌ಕ್ವಾರ್ಟರ್ ಯಾವ ಊರು, ಅದರ ವ್ಯಾಪ್ತಿ ಎಷ್ಟು ಕಿಲೋಮೀಟರ್, ಆ ವ್ಯಾಪ್ತಿಯೊಳಗಿನ ಓಡಾಟಕ್ಕೆ ಸ್ಥಿರ ಭತ್ಯೆಯೋ ಕಿಲೋಮೀಟರ್ ಲೆಕ್ಕವೋ, ಹೊರಗೆ ಹೋದರೆ ಟಿಎ (ಪ್ರಯಾಣ ಭತ್ಯೆ) ಎಷ್ಟು, ರಾತ್ರಿ ಉಳಿದರೆ ಡಿಎ (ದಿನಭತ್ಯೆ) ಎಷ್ಟು ಎಂಬುದು ಅಲ್ಲಿಯೇ ಇರಬೇಕು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾದ ಬಳಿಕವೂ ಹಳೆಯ ಪತ್ರಗಳಲ್ಲಿ 'ಬಳ್ಳಾರಿ ಜಿಲ್ಲೆ' ಎಂದೇ ಉಳಿದಿದ್ದರೆ, ಹೊಸಪೇಟೆ ಮತ್ತು ಹೂವಿನಹಡಗಲಿಯ ಓಡಾಟ ಹೆಡ್‌ಕ್ವಾರ್ಟರ್ ಒಳಗಿನದೋ ಹೊರಗಿನದೋ ಎಂಬ ತಕರಾರು ಏಳುತ್ತದೆ. ಅಂಥ ಗೊಂದಲವನ್ನು ಮೇಲಧಿಕಾರಿಗೆ ಮೇಲ್ ಬರೆದು ಈಗಲೇ ಬಗೆಹರಿಸಿಕೊಳ್ಳಿ.

'ಕಮಿಷನ್ ಎಲ್ಲ ಖರ್ಚುಗಳನ್ನೂ ಒಳಗೊಂಡಿರುತ್ತದೆ' ಎಂಬ ಒಂದು ವಾಕ್ಯ ಪತ್ರದಲ್ಲಿದೆಯೇ ಎಂದು ವಿಶೇಷವಾಗಿ ಹುಡುಕಿರಿ. ಇದ್ದರೆ ನಿಮ್ಮ ವಾದ ಕಷ್ಟವಾಗುತ್ತದೆ, ಮುಗಿದುಹೋಗುವುದಿಲ್ಲ. ಇಲ್ಲದಿದ್ದರೆ ಮ್ಯಾನೇಜರ್ ಬಾಯಿಮಾತಿನಲ್ಲಿ ಹಾಗೆ ಹೇಳುವುದಕ್ಕೆ ಬೆಲೆಯಿಲ್ಲ. ನನ್ನ ಮೊದಲ ಕಂಪನಿಯ ಪತ್ರದಲ್ಲಿ ಆ ವಾಕ್ಯವೇ ಇರಲಿಲ್ಲ ಎಂಬುದು ನನಗೆ ತಿಳಿದದ್ದು ಕೆಲಸ ಬಿಟ್ಟ ಮೇಲೆ.

ಔಷಧ ಕಂಪನಿಗಳ ಪ್ರತಿನಿಧಿಗಳ ವಿಷಯದಲ್ಲಿ 1976ರ ಮಾರಾಟ ಉತ್ತೇಜನ ನೌಕರರ ಸೇವಾ ಷರತ್ತುಗಳ ಕಾಯ್ದೆ ಬಹಳ ಕಾಲ ರಕ್ಷಣೆಯಾಗಿತ್ತು. ನಿಗದಿತ ನಮೂನೆಯಲ್ಲಿ ನೇಮಕಾತಿ ಪತ್ರ ಕೊಡುವುದನ್ನು ಅದು ಕಡ್ಡಾಯ ಮಾಡಿತ್ತು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿದ್ದು, ಆ ಕಾಯ್ದೆಯ ವಿಷಯಗಳು ಈಗ ಅವುಗಳೊಳಗೆ ಸೇರಿವೆ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು 'ಕೆಲಸಗಾರ' ಎಂಬ ಪದದ ವ್ಯಾಖ್ಯೆಯಲ್ಲಿಯೇ ಮಾರಾಟ ಉತ್ತೇಜನ ನೌಕರರನ್ನು ಹೆಸರಿಸಿದೆ. ಟೈ ಕಟ್ಟಿಕೊಂಡು ಬ್ಯಾಗ್ ಹಿಡಿದವರು ಕಾರ್ಮಿಕರಲ್ಲ ಎಂಬ ಮಾತನ್ನು ಯಾರಾದರೂ ಆಡಿದರೆ ಈ ವ್ಯಾಖ್ಯೆಯನ್ನು ತೋರಿಸಬಹುದು.

ಕಿಲೋಮೀಟರಿಗೆ ಇಂತಿಷ್ಟು ಎಂದು ಕಾನೂನಿದೆಯೇ?

ಖಾಸಗಿ ಕಂಪನಿಗಳು ಕಿಲೋಮೀಟರಿಗೆ ಇಷ್ಟೇ ಕೊಡಬೇಕು ಎಂದು ನಮ್ಮ ದೇಶದ ಕಾರ್ಮಿಕ ಸಂಹಿತೆಗಳು ದರ ಗೊತ್ತುಮಾಡಿಲ್ಲ. ಅಂತರ್ಜಾಲದಲ್ಲಿ ಹುಡುಕಿದಾಗ ಮೊದಲು ಕಾಣುವುದು ಅಮೆರಿಕದ ಲೆಕ್ಕ. ಅಲ್ಲಿ ತೆರಿಗೆ ಇಲಾಖೆ ಪ್ರತಿ ವರ್ಷ ಮೈಲಿಗೆ ಇಷ್ಟು ಎಂದು ಪ್ರಮಾಣಿತ ದರ ಪ್ರಕಟಿಸುತ್ತದೆ, 2025ಕ್ಕೆ ಅದು 70 ಸೆಂಟ್ ಆಗಿತ್ತು. ಆ ದರವೂ ತೆರಿಗೆಯ ಅನುಕೂಲಕ್ಕೆ ಇರುವುದೇ ಹೊರತು ಎಲ್ಲ ಮಾಲೀಕರೂ ಅಷ್ಟನ್ನು ಕೊಡಲೇಬೇಕೆಂದಲ್ಲ. ಕೆಲಸದ ಖರ್ಚನ್ನು ಮಾಲೀಕರೇ ತುಂಬಿಕೊಡಬೇಕು ಎಂಬ ಕಟ್ಟುನಿಟ್ಟು ಕ್ಯಾಲಿಫೋರ್ನಿಯಾದಂಥ ರಾಜ್ಯಗಳ ಕಾನೂನಿನಲ್ಲಿದೆ. ಅದನ್ನು ಮುದ್ರಿಸಿ ಕೊಪ್ಪಳದ ಕಚೇರಿಯಲ್ಲಿ ಇಟ್ಟರೆ ನಮ್ಮ ಅರ್ಜಿಯ ತೂಕವೇ ಕಡಿಮೆಯಾಗುತ್ತದೆ.

ನಮ್ಮ ಬೇಡಿಕೆ ನಿಲ್ಲುವುದು ಮೂರು ಆಧಾರಗಳ ಮೇಲೆ: ನೇಮಕಾತಿ ಪತ್ರ, ಕಂಪನಿಯ ಪ್ರಯಾಣ ನಿಯಮದ ಸುತ್ತೋಲೆ, ಮತ್ತು ಹಿಂದೆ ಕೊಟ್ಟ ರೂಢಿ. ಜೊತೆಗೆ 2019ರ ವೇತನ ಸಂಹಿತೆಯ ಒಂದು ಅಂಶವನ್ನು ತಿಳಿದಿರಬೇಕು. ಓಡಾಟದ ಭತ್ಯೆಯನ್ನೂ, ಕೆಲಸದ ಸ್ವರೂಪದಿಂದಾಗಿ ನೌಕರ ಮಾಡಬೇಕಾದ ವಿಶೇಷ ಖರ್ಚಿಗೆ ಕೊಡುವ ಹಣವನ್ನೂ ಅದು ವೇತನದ ಲೆಕ್ಕದಿಂದ ಹೊರಗಿಟ್ಟಿದೆ. ಹೊರಗಿಟ್ಟ ಬಾಬತ್ತುಗಳೆಲ್ಲ ಸೇರಿ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನು ಮಾತ್ರ ವೇತನವೆಂದು ಎಣಿಸಲಾಗುತ್ತದೆ. ಹೀಗಾಗಿ ಪೆಟ್ರೋಲಿಗೆಂದು ಕೊಟ್ಟ ಹಣವನ್ನು ತೋರಿಸಿ ಕನಿಷ್ಠ ವೇತನ ತುಂಬಿದೆ ಎಂದು ಸಾಧಿಸಲು ಕಂಪನಿಗೆ ಸುಲಭವಲ್ಲ. ಪೆಟ್ರೋಲ್ ಹಣ ಸಂಬಳವಲ್ಲ ಎಂಬ ಮಾತು ಕಾನೂನಿನೊಳಗೇ ಇದೆ.

ಯಾವ ಕಿಲೋಮೀಟರ್ ಲೆಕ್ಕಕ್ಕೆ ಬರುತ್ತದೆ?

ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಹೋಗಿ ಬರುವುದನ್ನು ಸಾಮಾನ್ಯವಾಗಿ ಯಾವ ಕಂಪನಿಯೂ ಕೊಡುವುದಿಲ್ಲ, ಅದನ್ನು ಕೇಳುವುದೂ ಸರಿಯಲ್ಲ. ಕಚೇರಿಯೇ ಇಲ್ಲದೆ ಮನೆಯಿಂದ ನೇರವಾಗಿ ಫೀಲ್ಡಿಗೆ ಹೊರಡುವವರ ಸಂಗತಿ ಬೇರೆ. ಅವರ ದಿನ ಮನೆಯ ಬಾಗಿಲಲ್ಲಿ ಶುರುವಾಗುತ್ತದೋ ಊರಿನ ಗಡಿಯಲ್ಲೋ ಎಂಬುದನ್ನು ಲಿಖಿತವಾಗಿ ತೀರ್ಮಾನಿಸಿಕೊಳ್ಳಬೇಕು.

ನಾವು ಹೆಚ್ಚಾಗಿ ಕಳೆದುಕೊಳ್ಳುವುದು ಆರ್ಡರ್ ತರದ ಓಡಾಟವನ್ನು. ಬಾಕಿ ವಸೂಲಿಗೆ ಒಂದೇ ಅಂಗಡಿಗೆ ನಾಲ್ಕು ಸಲ ಹೋಗುವುದು, ಅವಧಿ ಮುಗಿದ ಮಾಲನ್ನು ಹಿಂದಕ್ಕೆ ತರುವುದು, ಡಿಪೋಗೆ ಹೋಗಿ ಸ್ಯಾಂಪಲ್ ತರುವುದು, ರೈತರ ಸಭೆಗೆ ಶಾಮಿಯಾನದವರನ್ನು ಗೊತ್ತುಮಾಡಲು ಹಿಂದಿನ ದಿನವೇ ಹಳ್ಳಿಗೆ ಹೋಗುವುದು, ತಿಂಗಳ ಸಭೆಗೆ ಹೊಸಪೇಟೆಗೆ ಹೋಗಿ ಬರುವುದು, ಮೇಲಧಿಕಾರಿ ಬಂದಾಗ ಅವರನ್ನು ಹಿಂದೆ ಕೂರಿಸಿಕೊಂಡು ಜವಳಗೇರಾ, ಪೋತ್ನಾಳಗಳನ್ನೆಲ್ಲ ಸುತ್ತಿಸುವುದು, ಇವುಗಳಲ್ಲಿ ಒಂದಕ್ಕೂ ಕಮಿಷನ್ ಇಲ್ಲ. ಕಮಿಷನ್ ಒಳಗೆ ಪೆಟ್ರೋಲ್ ಸೇರಿದೆ ಎಂಬ ವಾದ ಮುರಿದು ಬೀಳುವುದು ಇಲ್ಲಿಯೇ, ಏಕೆಂದರೆ ಕಮಿಷನ್ ಇಲ್ಲದ ಕೆಲಸದ ಪೆಟ್ರೋಲ್ ಯಾವ ಕಮಿಷನ್ ಒಳಗೂ ಸೇರಿರಲು ಸಾಧ್ಯವಿಲ್ಲ. ಆದ್ದರಿಂದ ಲೆಕ್ಕ ಬರೆಯುವಾಗ ಪ್ರತಿ ಓಡಾಟದ ಮುಂದೆ ಅದರ ಉದ್ದೇಶವನ್ನು ಬರೆಯುವುದು ಕಡ್ಡಾಯವೆಂದು ನನ್ನ ಅಭಿಪ್ರಾಯ.

ಸುತ್ತುದಾರಿಯ ವಿಷಯವೂ ಹೀಗೆಯೇ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ, ಆಗ ಬುಕ್ಕಸಾಗರ–ಕಡೆಬಾಗಿಲು ಸೇತುವೆಯ ಮೇಲೆ ಸುತ್ತಿ ಬರಬೇಕಾಗುತ್ತದೆ. ಕಂಪನಿಯ ಹಾಳೆಯಲ್ಲಿ ಮಾತ್ರ ಕಂಪ್ಲಿಯಿಂದ ಗಂಗಾವತಿಗೆ ಯಾವಾಗಲೂ ನೇರ ದಾರಿಯೇ ಇರುತ್ತದೆ. ಒಂದು ಮಳೆಗಾಲದಲ್ಲಿ ನನ್ನ ಬಿಲ್‌ನಲ್ಲಿ ಹೆಚ್ಚಾದ ಕಿಲೋಮೀಟರ್‌ಗಳ ಮೇಲೆ ಕೆಂಪು ಗೆರೆ ಎಳೆದು ಕಳುಹಿಸಿದ್ದರು. ಮುಂದಿನ ಸಲ ನದಿ ದಂಡೆಯಲ್ಲಿ ಪೊಲೀಸರು ಇಟ್ಟಿದ್ದ ಬ್ಯಾರಿಕೇಡ್‌ನ ಫೋಟೊವನ್ನು ಅಲ್ಲಿಂದಲೇ ಮ್ಯಾನೇಜರ್‌ಗೆ ಕಳುಹಿಸಿ, 'ಸರ್, ಸೇತುವೆ ಬಂದ್ ಆಗಿದೆ, ಬುಕ್ಕಸಾಗರದ ಮೇಲೆ ಹೋಗುತ್ತಿದ್ದೇನೆ' ಎಂದು ಬರೆದೆ. ಆ ತಿಂಗಳ ಬಿಲ್‌ಗೆ ಕೆಂಪು ಗೆರೆ ಬೀಳಲಿಲ್ಲ.

ದಿನಚರಿ ಬರೆಯುವ ಕ್ರಮ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಅಂಗಿಯ ಜೇಬಿಗೆ ಹಿಡಿಸುವ ಗಟ್ಟಿ ರಟ್ಟಿನ ಒಂದು ಪುಸ್ತಕ ಸಾಕು. ಬೆಳಿಗ್ಗೆ ಬೈಕ್ ಹೊರಡಿಸುವ ಮೊದಲು ಮೀಟರ್ ಅಂಕಿ, ಸಂಜೆ ನಿಲ್ಲಿಸಿದ ಮೇಲೆ ಮೀಟರ್ ಅಂಕಿ, ನಡುವೆ ಹೋದ ಊರು, ಭೇಟಿಯಾದ ಅಂಗಡಿ ಅಥವಾ ವ್ಯಕ್ತಿ, ಉದ್ದೇಶ. ನನ್ನ ಪುಸ್ತಕದ ಒಂದು ದಿನದ ಬರಹ ಹೀಗಿರುತ್ತಿತ್ತು: "ಸೆಪ್ಟೆಂಬರ್ 15, ಸೋಮವಾರ. ಹೊರಟದ್ದು 7-10, ಮೀಟರ್ 41,236. ಕಾರಟಗಿ, ಎರಡು ಅಂಗಡಿ, ಆರ್ಡರ್ 12 ಪೆಟ್ಟಿಗೆ. ಸಿದ್ದಾಪುರ ಕ್ಯಾಂಪ್, ರೈತರ ದೂರು, ಎಲೆ ಸುರುಳಿ ಹುಳು. ಗಂಗಾವತಿ, ವಸೂಲಿ, ಚೆಕ್ ಸಿಗಲಿಲ್ಲ, ಶುಕ್ರವಾರ ಬರಲು ಹೇಳಿದರು. ಮನೆ 7-40, ಮೀಟರ್ 41,369. ಒಟ್ಟು 133. ಇದರಲ್ಲಿ ಸ್ವಂತಕ್ಕೆ 4." ಕೊನೆಯ ಆ 4 ಕಿಲೋಮೀಟರ್ ಮಗಳಿಗೆ ಪುಸ್ತಕ ತರಲು ಬಜಾರಿಗೆ ಹೋದದ್ದು. ಸ್ವಂತದ ಓಡಾಟವನ್ನು ನಾವೇ ಕಳೆದು ತೋರಿಸಿದರೆ ಉಳಿದ 129ನ್ನು ನಂಬುವುದು ಲೆಕ್ಕ ನೋಡುವವರಿಗೆ ಸುಲಭವಾಗುತ್ತದೆ.

ತಿಂಗಳ ಕೊನೆಗೆ ನೆನಪಿನಿಂದ ಬರೆದ ದಿನಚರಿಯನ್ನು ಅನುಭವಿ ಅಕೌಂಟೆಂಟ್ ಒಂದು ನಿಮಿಷದಲ್ಲಿ ಹಿಡಿಯುತ್ತಾರೆ. ಎಲ್ಲ ದಿನವೂ ಒಂದೇ ಪೆನ್ನು, ಎಲ್ಲ ಅಂಕಿಯೂ 80, 100, 120 ಎಂದು ದುಂಡಗೆ ಇರುತ್ತದೆ. ಹೀಗಾಗಿ ಅಂದಿನದನ್ನು ಅಂದೇ ಬರೆಯಿರಿ, ಬೆಳಿಗ್ಗೆ ಮತ್ತು ಸಂಜೆ ಮೀಟರಿನ ಫೋಟೊ ತೆಗೆಯಿರಿ. ಫೋಟೊದಲ್ಲಿ ದಿನಾಂಕ ಮತ್ತು ಸಮಯ ತಾವಾಗಿಯೇ ದಾಖಲಾಗುತ್ತವೆ.

ಪೆಟ್ರೋಲ್ ಬಂಕಿನ ರಸೀದಿಗಳ ಬಗ್ಗೆ ಒಂದು ಮಾತು. ಅವು ಶಾಖಕ್ಕೆ ಮುದ್ರಣವಾಗುವ ಕಾಗದ. ರಾಯಚೂರು, ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಟ್ಯಾಂಕ್ ಕವರ್ ಒಳಗೆ ಒಂದು ವಾರ ಇಟ್ಟರೆ ಅಕ್ಷರಗಳು ಮಾಯವಾಗಿ ಬಿಳಿ ಚೀಟಿಯಷ್ಟೇ ಉಳಿಯುತ್ತದೆ. ಬಂಕಿನಲ್ಲಿಯೇ ಅದರ ಫೋಟೊ ತೆಗೆದು, ಹಿಂಬದಿಯಲ್ಲಿ ಮೀಟರ್ ಅಂಕಿ ಬರೆದಿಡಿರಿ. ಯುಪಿಐನಲ್ಲಿ ಹಣ ಕೊಟ್ಟರೆ ಇನ್ನೂ ಒಳ್ಳೆಯದು, ಬ್ಯಾಂಕಿನ ಪಟ್ಟಿಯೂ ಸಾಕ್ಷಿ ಹೇಳುತ್ತದೆ.

ಮೀಟರ್ ಕೇಬಲ್ ತುಂಡಾಗುವುದು ಹಳೆಯ ಬೈಕ್‌ಗಳಲ್ಲಿ ಸಾಮಾನ್ಯ. ತುಂಡಾದ ದಿನವೇ ಮೇಲಧಿಕಾರಿಗೆ ತಿಳಿಸಿ, ರಿಪೇರಿಯ ಬಿಲ್ ಇಟ್ಟುಕೊಂಡು, ನಡುವಿನ ದಿನಗಳ ದೂರವನ್ನು ಮೊಬೈಲ್ ನಕ್ಷೆಯಿಂದ ತೆಗೆದಿದ್ದೇನೆ ಎಂದು ದಿನಚರಿಯಲ್ಲಿ ಬರೆಯಬೇಕು. ಇನ್ನು ಬಹಳ ಜನ ಗಮನಿಸದ ಒಂದು ದಾಖಲೆಯೆಂದರೆ ಸರ್ವಿಸ್ ಸೆಂಟರಿನ ಜಾಬ್ ಕಾರ್ಡ್. ಪ್ರತಿ ಸರ್ವಿಸ್‌ನಲ್ಲೂ ಮೀಟರ್ ಅಂಕಿಯನ್ನು ಅದರಲ್ಲಿ ನಮೂದಿಸಿರುತ್ತಾರೆ. ನಿಮಗೂ ಕಂಪನಿಗೂ ಸಂಬಂಧವಿಲ್ಲದ ಮೂರನೆಯವರು ಬರೆದ ಅಂಕಿ ಅದು. ಜೂನ್ ಸರ್ವಿಸ್‌ನಿಂದ ಸೆಪ್ಟೆಂಬರ್ ಸರ್ವಿಸ್‌ವರೆಗೆ ಬೈಕ್ ಎಷ್ಟು ಓಡಿದೆ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ.

ಒಂದು ಕಿಲೋಮೀಟರಿನ ನಿಜವಾದ ಬೆಲೆ

ದರ ಕೇಳುವ ಮೊದಲು ನಿಮ್ಮ ಗಾಡಿಯ ಲೆಕ್ಕ ನಿಮಗೆ ಗೊತ್ತಿರಬೇಕು. ಉದಾಹರಣೆಗೆ ಒಂದು ಸಾಧಾರಣ ಬೈಕ್ ಹಿಡಿಯೋಣ. ಲೀಟರಿಗೆ 50 ಕಿಲೋಮೀಟರ್ ಮೈಲೇಜ್, ಪೆಟ್ರೋಲ್ 104 ರೂಪಾಯಿ ಎಂದಿಟ್ಟುಕೊಂಡರೆ ಪೆಟ್ರೋಲಿಗೇ ಕಿಲೋಮೀಟರಿಗೆ 2 ರೂ. 8 ಪೈಸೆ. ಆಯಿಲ್ ಮತ್ತು ಸರ್ವಿಸ್‌ಗೆ 3,000 ಕಿಲೋಮೀಟರಿಗೊಮ್ಮೆ 1,200 ರೂಪಾಯಿ ಎಂದರೆ 40 ಪೈಸೆ. ಎರಡು ಟೈರ್ 4,500 ರೂಪಾಯಿ, 25,000 ಕಿಲೋಮೀಟರ್ ಬಾಳಿಕೆ ಎಂದರೆ 18 ಪೈಸೆ. ಚೈನ್ ಸೆಟ್ 9 ಪೈಸೆ, ವಿಮೆ ಸುಮಾರು 8 ಪೈಸೆ. 95,000 ಕೊಟ್ಟು ಕೊಂಡ ಬೈಕ್ ಲಕ್ಷ ಕಿಲೋಮೀಟರ್ ಓಡಿದ ಮೇಲೆ 35,000ಕ್ಕೆ ಹೋದರೆ, ಸವೆದ 60,000 ರೂಪಾಯಿ ಕಿಲೋಮೀಟರಿಗೆ 60 ಪೈಸೆಯಾಗುತ್ತದೆ. ಒಟ್ಟು 3 ರೂ. 43 ಪೈಸೆ. ಮಳೆಗಾಲದಲ್ಲಿ ಎರಿ ಭೂಮಿಯ ಬಂಡಿದಾರಿಯಲ್ಲಿ ಮಣ್ಣು ಮಡ್‌ಗಾರ್ಡ್‌ಗೆ ಮೆತ್ತಿಕೊಂಡು ಚಕ್ರವೇ ತಿರುಗದಂತಾದಾಗ 50ರ ಮೈಲೇಜ್ 40ಕ್ಕೆ ಇಳಿಯುವುದನ್ನು ನಾನು ಇದರಲ್ಲಿ ಸೇರಿಸಿಲ್ಲ.

ಇದೇ ಬೈಕ್ ತಿಂಗಳಿಗೆ 2,014 ಕಿಲೋಮೀಟರ್ ಓಡಿದರೆ ವೆಚ್ಚ 6,908 ರೂಪಾಯಿ. ಕಂಪನಿ ಕೊಡುವ ಸ್ಥಿರ ಭತ್ಯೆ 2,500 ಎಂದರೆ ಉಳಿದ 4,408 ನಿಮ್ಮದು. ಆ ತಿಂಗಳ ಕಮಿಷನ್ 7,000 ಬಂದಿದ್ದರೆ, ಅದರ ಅರ್ಧಕ್ಕಿಂತ ಹೆಚ್ಚು ಕಂಪನಿಯ ಕೆಲಸಕ್ಕೇ ವಾಪಸು ಹೋಯಿತು. ವರ್ಷಕ್ಕೆ ಅದು ಅರ್ಧ ಲಕ್ಷ ದಾಟುತ್ತದೆ. ನನ್ನ ಅಂಕಿಗಳನ್ನು ಹಾಗೆಯೇ ಬಳಸಬೇಡಿರಿ, ನಿಮ್ಮ ಗಾಡಿಯ ಬಿಲ್‌ಗಳಿಂದಲೇ ಲೆಕ್ಕ ಹಾಕಿರಿ. ಕಾರಿನಲ್ಲಿ ಓಡಾಡುವವರಿಗೂ ವಿಧಾನ ಇದೇ.

ಕೇಳುವ ಬಗೆ

ಬೇಡಿಕೆಯನ್ನು ಬಾಯಿಮಾತಿನಲ್ಲಿ ಹೇಳಿ, ಅದೇ ಸಂಜೆ ಬರವಣಿಗೆಯಲ್ಲಿಯೂ ಕಳುಹಿಸಿರಿ. ಮೊದಲು ನೇರ ಮೇಲಧಿಕಾರಿಯ ಹತ್ತಿರ ಮಾತಾಡದೆ ಒಮ್ಮೆಲೇ ಮುಖ್ಯ ಕಚೇರಿಗೆ ಬರೆದರೆ, ನಮ್ಮ ಕಡೆ ಅದನ್ನು ಅವಮಾನವೆಂದೇ ತಿಳಿಯುತ್ತಾರೆ, ಮತ್ತು ನಾಳೆ ಬಿಲ್‌ಗೆ ಸಹಿ ಹಾಕಬೇಕಾದವರೂ ಅವರೇ. ಪತ್ರದಲ್ಲಿ ಕೋಪದ ಮಾತು ಬೇಡ, ಅಂಕಿಗಳಿರಲಿ. ಮಾದರಿ ಹೀಗಿರಬಹುದು:

"ಮಾನ್ಯರೇ, ಸೆಪ್ಟೆಂಬರ್ ತಿಂಗಳಲ್ಲಿ ಕಂಪನಿಯ ಕೆಲಸಕ್ಕಾಗಿ ನನ್ನ ಸ್ವಂತ ದ್ವಿಚಕ್ರ ವಾಹನದಲ್ಲಿ 2,014 ಕಿ.ಮೀ. ಪ್ರಯಾಣ ಮಾಡಿದ್ದೇನೆ. ಇದರಲ್ಲಿ ಆರ್ಡರ್ ಪಡೆಯಲು 1,092, ಬಾಕಿ ವಸೂಲಿಗೆ 478, ರೈತರ ದೂರುಗಳ ಪರಿಶೀಲನೆಗೆ 260 ಮತ್ತು ತಿಂಗಳ ಸಭೆಗೆ 184 ಕಿ.ಮೀ. ಸೇರಿವೆ. ಮೀಟರ್ ದಾಖಲೆ, ದಿನಚರಿಯ ಪ್ರತಿ ಮತ್ತು ಪೆಟ್ರೋಲ್ ರಸೀದಿಗಳನ್ನು ಲಗತ್ತಿಸಿದ್ದೇನೆ. ಪೆಟ್ರೋಲಿಗೆ ಮಾತ್ರ 4,189 ರೂಪಾಯಿ ತಗಲಿದ್ದು, ಈಗಿನ 2,500 ರೂಪಾಯಿ ಭತ್ಯೆ ಅದಕ್ಕೂ ಸಾಲುತ್ತಿಲ್ಲ. ಸೆಪ್ಟೆಂಬರ್ ತಿಂಗಳ ವ್ಯತ್ಯಾಸವಾದ 4,408 ರೂಪಾಯಿಯನ್ನು ಮಂಜೂರು ಮಾಡಬೇಕೆಂದೂ, ಮುಂದೆ ಕಿಲೋಮೀಟರ್ ಲೆಕ್ಕದ ದರವನ್ನು ಲಿಖಿತವಾಗಿ ನಿಗದಿಪಡಿಸಬೇಕೆಂದೂ ಕೋರುತ್ತೇನೆ."

ಪೂರ್ತಿ ಮೊತ್ತಕ್ಕೆ ಒಪ್ಪದಿದ್ದರೂ ಆರ್ಡರ್ ತರದ ಓಡಾಟಕ್ಕಾದರೂ, ಅಂದರೆ ಮೇಲಿನ ಪತ್ರದಲ್ಲಿನ 922 ಕಿಲೋಮೀಟರಿಗಾದರೂ, ಒಪ್ಪುವವರಿದ್ದಾರೆ. ಮಾತುಕತೆಗೆ ಅಲ್ಲಿಂದ ಜಾಗ ಸಿಗುತ್ತದೆ. ನನ್ನ ಎರಡನೆಯ ಕಂಪನಿ ಮೂರು ತಿಂಗಳ ದಿನಚರಿ ನೋಡಿದ ಮೇಲೆ ಕಿಲೋಮೀಟರಿಗೆ 3 ರೂಪಾಯಿಗೆ ಒಪ್ಪಿತು. ದರದ ಜೊತೆಗೆ, ಪೆಟ್ರೋಲ್ ಬೆಲೆ ಇಂತಿಷ್ಟು ಏರಿದರೆ ದರವೂ ಇಂತಿಷ್ಟು ಏರಬೇಕು ಎಂಬ ಸಾಲನ್ನು ಬರೆಸಿಕೊಳ್ಳಲು ನಾನು ಮರೆತೆ, ನೀವು ಮರೆಯಬೇಡಿರಿ. ಸಂಬಳದ ಚೀಟಿಯಲ್ಲಿ ಈ ಹಣ ಪ್ರತ್ಯೇಕ ಸಾಲಿನಲ್ಲಿ ಬರಬೇಕು. ಕೆಲಸಕ್ಕಾಗಿ ಮಾಡಿದ ಓಡಾಟಕ್ಕೆ ಕೊಟ್ಟ ಭತ್ಯೆಯಲ್ಲಿ ನಿಜವಾಗಿ ಖರ್ಚಾದಷ್ಟಕ್ಕೆ ಆದಾಯ ತೆರಿಗೆ ವಿನಾಯಿತಿ ಇರುವ ಕಾರಣ, ಇನ್ಸೆಂಟಿವ್ ಜೊತೆ ಬೆರೆಸಿ ಕೊಟ್ಟರೆ ಅದರ ಮೇಲೂ ತೆರಿಗೆ ಬೀಳುತ್ತದೆ.

ಒಪ್ಪದಿದ್ದರೆ

ಇಲ್ಲಿ ಎರಡು ತಪ್ಪುಗಳನ್ನು ಯಾವ ಕಾರಣಕ್ಕೂ ಮಾಡಬಾರದು. ಒಂದು, ಹೇಗೂ ಕಡಿಮೆ ಕೊಡುತ್ತಾರೆಂದು ಕಿಲೋಮೀಟರ್ ಹೆಚ್ಚಿಸಿ ಬರೆಯುವುದು. ಒಂದು ಸುಳ್ಳು ಸಿಕ್ಕಿಬಿದ್ದರೆ ನೂರು ನಿಜಗಳೂ ಹೋಗುತ್ತವೆ, ಕೆಲಸವೂ ಹೋಗುತ್ತದೆ. ಇನ್ನೊಂದು ಇದಕ್ಕಿಂತ ಅಪಾಯಕಾರಿ: ಡೀಲರ್‌ಗಳಿಂದ ವಸೂಲಿ ಮಾಡಿದ ನಗದಿನಲ್ಲಿ ನಿಮ್ಮ ಬಾಕಿಯನ್ನು ಹಿಡಿದುಕೊಳ್ಳುವುದು. ಎಷ್ಟೇ ನ್ಯಾಯವಾದ ಬಾಕಿಯಾಗಿದ್ದರೂ ಕಂಪನಿಯ ಹಣ ದುರುಪಯೋಗ ಮಾಡಿದರೆಂದು ಪೊಲೀಸ್ ದೂರು ಕೊಡಲು ಅದು ಸಾಕಾಗುತ್ತದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು 6,000 ರೂಪಾಯಿ ಹೀಗೆ ಹಿಡಿದುಕೊಂಡು, ಅದಕ್ಕಿಂತ ಎಷ್ಟೋ ದೊಡ್ಡದಾದ ತಮ್ಮ ಬಾಕಿಯನ್ನು ಕೇಳುವ ಬಾಯಿಯನ್ನೇ ಕಳೆದುಕೊಂಡರು.

ಲಿಖಿತವಾಗಿ ಎರಡು ಸಲ ಕೇಳಿಯೂ ಉತ್ತರ ಬರದಿದ್ದರೆ ಜಿಲ್ಲಾ ಕಾರ್ಮಿಕ ಅಧಿಕಾರಿಗಳ ಕಚೇರಿಗೆ ಅರ್ಜಿ ಕೊಡಬಹುದು. ಅರ್ಜಿಯಲ್ಲಿ ಸ್ಥಿರ ಸಂಬಳದ ಬಾಕಿ, ಕಮಿಷನ್ ಬಾಕಿ ಮತ್ತು ಪ್ರಯಾಣ ವೆಚ್ಚದ ಬಾಕಿಯನ್ನು ಮೂರು ಬೇರೆ ತಲೆಬರಹಗಳಲ್ಲಿ ತೋರಿಸಿರಿ. ಎಲ್ಲವನ್ನೂ 'ವೇತನ ಬಾಕಿ' ಎಂದು ಒಟ್ಟುಗೂಡಿಸಿದರೆ, ಪ್ರಯಾಣ ವೆಚ್ಚ ವೇತನದ ವ್ಯಾಖ್ಯೆಗೆ ಬರುವುದಿಲ್ಲವೆಂಬ ಆಕ್ಷೇಪವನ್ನು ನಾವೇ ಕರೆದಂತಾಗುತ್ತದೆ. ವೇತನ ಸಂಹಿತೆಯ ಅಡಿ ಹಕ್ಕುಕೇಳಿಕೆಗೆ ಮೂರು ವರ್ಷದ ಕಾಲಾವಕಾಶವಿದೆ, ಒಪ್ಪಂದದ ಹಣಕ್ಕಾಗಿ ಸಿವಿಲ್ ದಾವೆಗೂ 1963ರ ಕಾಲಮಿತಿ ಕಾಯ್ದೆಯಲ್ಲಿ ಮೂರು ವರ್ಷವೇ ಇದೆ. ಆದರೂ ವರ್ಷ ತುಂಬುವ ಮೊದಲೇ ಹೋಗುವುದು ಕ್ಷೇಮ. ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಮುಂತಾದವರಿಗೆ ಉಚಿತ ನೆರವು ಸಿಗುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ನ್ಯಾಯಾಲಯಗಳ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಬಹುದು, 15100 ಸಂಖ್ಯೆಗೂ ಕರೆ ಮಾಡಬಹುದು.

ದಿನಚರಿಗೆ ಇನ್ನೊಂದು ಉಪಯೋಗವಿದೆ, ಅದು ಯಾರಿಗೂ ಬೇಕಾಗದಿರಲಿ ಎಂದೇ ನನ್ನ ಹಾರೈಕೆ. ದಾರಿಯಲ್ಲಿ ಅಪಘಾತವಾದರೆ, ಅದು ಕೆಲಸದ ವೇಳೆಯಲ್ಲಿ, ಕೆಲಸದ ಕಾರಣಕ್ಕಾಗಿಯೇ ಆಯಿತೆಂದು ತೋರಿಸಿದಾಗ ಮಾತ್ರ ಮಾಲೀಕರಿಂದ ಪರಿಹಾರ ಕೇಳಬಹುದು. ಅಂದು ಬೆಳಿಗ್ಗೆ ಬರೆದ ಮೀಟರ್ ಅಂಕಿ ಮತ್ತು ಹೋಗುವ ಊರಿನ ಹೆಸರು ಮನೆಯವರ ಕೈಯಲ್ಲಿರುವ ಮೊದಲ ಸಾಕ್ಷಿಯಾಗುತ್ತದೆ. ಆದ್ದರಿಂದ ಹೊರಡುವ ಮೊದಲೇ ಆ ಎರಡನ್ನು ಬರೆದು, ಪುಟದ ಫೋಟೊವನ್ನು ಮನೆಯ ಒಂದು ಫೋನಿಗೆ ಕಳುಹಿಸಿ ಹೊರಡಿರಿ.

ಕೆಲಸ ಬಿಡುವಾಗ

ರಾಜೀನಾಮೆ ಕೊಡುವ ಮೊದಲು ಕಂಪನಿಯ ಆ್ಯಪ್‌ನಲ್ಲಿರುವ ನಿಮ್ಮ ಹಳೆಯ ಬಿಲ್‌ಗಳು, ಟೂರ್ ಪ್ರೋಗ್ರಾಂ, ದಿನದ ವರದಿಗಳನ್ನು ನಿಮ್ಮ ಸ್ವಂತ ಫೋನಿಗೆ ಇಳಿಸಿಕೊಳ್ಳಿರಿ. ಪತ್ರ ತಲುಪಿದ ದಿನವೇ ಲಾಗಿನ್ ಮುಚ್ಚುವ ಕಂಪನಿಗಳಿವೆ. ಕೆಲಸ ಬಿಟ್ಟವರಿಗೆ ಎರಡು ಕೆಲಸದ ದಿನಗಳೊಳಗೆ ವೇತನ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ, ಆದರೆ ಪ್ರಯಾಣದ ಬಾಕಿ ಆ ಹಣದೊಳಗೆ ಬಂದಿದೆಯೇ ಎಂದು ನೀವೇ ಸಾಲು ಸಾಲಾಗಿ ನೋಡಬೇಕು. ಕೊನೆಯ ಹಣದ ಜೊತೆಗೆ 'ಕಂಪನಿಯಿಂದ ನನಗೆ ಯಾವುದೇ ಬಾಕಿ ಇಲ್ಲ' ಎಂದು ಮುದ್ರಿಸಿದ ಹಾಳೆಯನ್ನು ಸಹಿಗೆ ಮುಂದಿಡುತ್ತಾರೆ. ಮೊದಲ ಕಂಪನಿ ಬಿಡುವಾಗ ನಾನು ಅದನ್ನು ಓದದೆ ಸಹಿ ಮಾಡಿದೆ. ಎರಡನೆಯದನ್ನು ಬಿಡುವಾಗ ಸಹಿಯ ಮೇಲ್ಗಡೆ 'ಮಾರ್ಚ್ ಮತ್ತು ಏಪ್ರಿಲ್ ತಿಂಗಳ ಪ್ರಯಾಣ ವೆಚ್ಚದ ಬಾಕಿಯನ್ನು ಹೊರತುಪಡಿಸಿ' ಎಂದು ಪೆನ್ನಿನಿಂದ ಬರೆದು, ದಿನಾಂಕ ಹಾಕಿ, ಹಾಳೆಯ ಫೋಟೊ ತೆಗೆದುಕೊಂಡು ಹೊರಬಂದೆ. ಆ ಎರಡು ತಿಂಗಳ ಹಣ ಜೂನ್ ಕೊನೆಯಲ್ಲಿ ಖಾತೆಗೆ ಬಂತು.